ಕೊಡಲಿ ತಲೆ ನಿಲ್ತಿಲ್ಲ, ಮೂರು ಸಲ ಬೆಣೆ ಹೊಡೆದಾಯ್ತು

ಸೌದೆರಾಶಿ:
ಎರಡು ದಿನ ಸೌದೆ ಒಡೆದರೆ ಸಾಕು, ತಲೆ ಅಲ್ಲಾಡಲು ಶುರು. ನಿನ್ನೆ ಕೊಡಲಿ ಎತ್ತಿದಾಗ ತಲೆ ಒಂದು ಬೆರಳು ಮೇಲೆ ಜಾರಿತ್ತು. ಮಕ್ಕಳು ಪಕ್ಕದಲ್ಲೇ ಇದ್ದರು, ಕೈ ನಡುಗಿತು. ಕಾವು ಹೊಸದು, ಅದರ ತುದಿಯ ಸೀಳಿಗೆ ಹೊಡೆದ ಬೆಣೆ ಗಟ್ಟಿ ಮರದ್ದೇ. ಏನು ತಪ್ಪು?

ಓರೆಕೋನ:
ಬೆಣೆ ತುಂಬಾ ದಪ್ಪ ಇದೆ ಅನಿಸುತ್ತದೆ. ಉದ್ದವನ್ನು ದಪ್ಪದಿಂದ ಭಾಗಿಸಿ ನೋಡಿ, ಹೊಡೆತ ಅಷ್ಟು ಪಟ್ಟು ಬಲವಾಗಿ ಪಕ್ಕಕ್ಕೆ ಒತ್ತುತ್ತದೆ. ಘರ್ಷಣೆಯಲ್ಲಿ ಬಹಳಷ್ಟು ಕಳೆಯುತ್ತದೆ, ಆದರೆ ಬೆಣೆಯನ್ನು ಹಿಡಿದಿಡುವುದೂ ಅದೇ. ಅಳತೆ ಹೇಳಿ.

ಸೌದೆರಾಶಿ:
60 ಮಿ.ಮೀ. ಉದ್ದ, 9 ದಪ್ಪ.

ಓರೆಕೋನ:
6ಕ್ಕೆ ಇಳಿಸಿ. ಓರೆ ಜಾಸ್ತಿಯಾಗಿ ಬೆಣೆ ಹಿಂದಕ್ಕೆ ಬರ್ತಿದೆ.

ಚಿಪ್ಪುಹೊಟ್ಟು:
ಇಲ್ಲ ಸರ್. 60ಕ್ಕೆ 9 ಅಂದರೆ ಒಂದೊಂದು ಬದಿಗೆ 4 ಡಿಗ್ರಿ ಚಿಲ್ಲರೆ. ಒಣ ಮರದ ಮೇಲೆ ಮರ 10 ಡಿಗ್ರಿ ಓರೆಯಲ್ಲೂ ಜಾರುವುದಿಲ್ಲ. ಕೋನದ ತಪ್ಪಲ್ಲ ಇದು.

ಹಳೇಸಮ್ಮಟಿಗೆ:
ಅಡ್ಡಕ್ಕೊಂದು ಕಬ್ಬಿಣದ ಬೆಣೆ ಹೊಡೆಯಿರಿ, ಮುಗೀತು. ನನ್ನ ಹತ್ತಿರ 11 ಕೊಡಲಿ ಇವೆ, ಎಲ್ಲದಕ್ಕೂ ಹಾಗೇ. ಎಲ್ಲ ಕಾವೂ ನಾನೇ ಕೆತ್ತಿದ್ದು.

ಓರೆಕೋನ:
ಕಬ್ಬಿಣ ಹೊಡೆದರೆ ಕಾವು ಸೀಳುತ್ತದೆ, ತುಕ್ಕು ಬೇರೆ.

ಹಳೇಸಮ್ಮಟಿಗೆ:
20 ವರ್ಷದಲ್ಲಿ ಒಂದೂ ಸೀಳಿಲ್ಲ!

ಚಿಪ್ಪುಹೊಟ್ಟು:
ಆ ಜಗಳ ಆಮೇಲೆ. @ಸೌದೆರಾಶಿ, ಬೆಣೆ ಪೂರ್ತಿ ಇಳಿಯಿತಾ? ಸಡಿಲ ಆದಾಗ ಏನು ಮಾಡಿದಿರಿ?

ಸೌದೆರಾಶಿ:
ಅರ್ಧಕ್ಕೆ ನಿಂತಿತು, ಉಳಿದದ್ದನ್ನು ಗರಗಸದಲ್ಲಿ ಕೊಯ್ದೆ. ಸಡಿಲ ಆದಾಗಲೆಲ್ಲ ರಾತ್ರಿಯಿಡೀ ಬಕೆಟ್ ನೀರಲ್ಲಿ ಇಟ್ಟೆ. ಅದು ಎಲ್ಲರೂ ಮಾಡುವುದೇ ಅಲ್ವಾ? ಬೆಳಿಗ್ಗೆ ಕಲ್ಲಿನಂತೆ ಬಿಗಿಯಾಗಿರುತ್ತಿತ್ತು.

ಚಿಪ್ಪುಹೊಟ್ಟು:
ಇದನ್ನು ಮೊದಲೇ ಹೇಳಬೇಕಿತ್ತು! ನೀರು ಕುಡಿದ ಮರ ಊದುತ್ತದೆ. ಸುತ್ತ ಕಬ್ಬಿಣ, ಊದಲು ಜಾಗವಿಲ್ಲ. ಎಳೆಗಳು ಜಜ್ಜಿಹೋಗುತ್ತವೆ. ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ. ಪ್ರತಿ ರಾತ್ರಿ ನೀವೇ ಸಡಿಲ ಮಾಡಿದ್ದೀರಿ. ಬೆಣೆ ಕಿತ್ತು ಅದರ ತುದಿ ನೋಡಿ.

ಸೌದೆರಾಶಿ:
ಕಿತ್ತೆ. ತುದಿ ಜಗಿದ ಬೇವಿನ ಕಡ್ಡಿಯಂತೆ ಕುಂಚವಾಗಿದೆ. ಕಾವಿನ ಸೀಳು 25 ಮಿ.ಮೀ. ಆಳ, ತಲೆಯ ತೂತು 70.

ಚಿಪ್ಪುಹೊಟ್ಟು:
ಸೀಳಿನ ತಳಕ್ಕೆ ಬೆಣೆ ಗುದ್ದಿದೆ. ಆಮೇಲೆ ಹೊಡೆದದ್ದೆಲ್ಲ ತುದಿ ಜಜ್ಜಿತೇ ಹೊರತು ಕಾವನ್ನು ಅಗಲಿಸಲಿಲ್ಲ. ಸೀಳು ತೂತಿನ ಮೂರನೇ ಎರಡು ಭಾಗ ಇಳಿಯಬೇಕು. ಕಾವಿನ ಜಜ್ಜಿದ ತುದಿ ಕತ್ತರಿಸಿ, ಅದನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಸೀಳು ಆಳ ಮಾಡಿ. ಕೊಡಲಿಯನ್ನು ತಲೆ ಕೆಳಗಾಗಿ ನೇತಾಡುವಂತೆ ಹಿಡಿದು ಕಾವಿನ ಬುಡಕ್ಕೆ ಮರದ ಕೊಡತಿಯಿಂದ ಹೊಡೆಯಿರಿ. ತಲೆ ಭಾರಕ್ಕೆ ಅಲ್ಲೇ ನಿಲ್ಲುತ್ತದೆ, ಕಾವು ಒಳಗೆ ಏರುತ್ತದೆ. ಕೊನೆಗೆ ಹೊಸ ಬೆಣೆ. ನೀರು ಬೇಡ, ಕಾವಿನ ತುದಿಗೆ ಅಗಸೆ ಎಣ್ಣೆ ಹಚ್ಚಿ.

ಸೌದೆರಾಶಿ:
ಒಣಗಲು ಇಟ್ಟಿದ್ದೇನೆ. ಭಾನುವಾರ ಬೆಣೆ ಹೊಡೆದು ಫೋಟೋ ಹಾಕುತ್ತೇನೆ.

ಹಳೇಸಮ್ಮಟಿಗೆ:
ಕಬ್ಬಿಣದ್ದೂ ಒಂದು ಇರಲಿ, ಸುಮ್ನೆ ಹೇಳ್ತಿಲ್ಲ.

ಹೊಸಬ_7:
ನನ್ನ ಸುತ್ತಿಗೆಯೂ ಸಡಿಲ. ಫೈಬರ್ ಕಾವು, ಬೆಣೆಯೇ ಕಾಣ್ತಿಲ್ಲ. ಯಾರಾದರೂ ಬಿಚ್ಚಿ ನೋಡಿದ್ದೀರಾ?