ನೈಟ್ ಡ್ಯೂಟಿ ಗೊತ್ತಿರುವ, ನಮ್ಮ ಮಾತು ತಿಳಿಯುವ ಕೌನ್ಸೆಲರ್ ಯಾರಿಗಾದರೂ ಸಿಕ್ಕಿದ್ದಾರಾ?

ಐಸಿಯು ಸಿಸ್ಟರ್ (ಕಲಬುರಗಿ ಕಡೆಯವಳು):
ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ತಿಂಗಳಿಗೆ ಹತ್ತು ಹನ್ನೆರಡು ನೈಟ್ ಇರುತ್ತಿತ್ತು. ಎರಡು ತಿಂಗಳ ಹಿಂದೆ ಒಂದೇ ವಾರದಲ್ಲಿ ನಾನು ನೋಡುತ್ತಿದ್ದ ಬೆಡ್‌ನಲ್ಲಿ ಮೂರು ಜನ ಹೋದರು. ಒಬ್ಬಳು ನನ್ನ ತಂಗಿ ವಯಸ್ಸಿನವಳು. ಆವತ್ತಿನಿಂದ ನಿದ್ದೆ ಇಲ್ಲ. ನಾನಿರುವ ಪಿಜಿ ರೂಮಿನಲ್ಲೂ ಮಾನಿಟರ್ ಶಬ್ದ ಕೇಳಿಸುತ್ತದೆ. ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಹೋಗಿ "ಸಾಕಾಗ್ಯಾದ್ರಿ ಮೇಡಂ, ಜೀವಾನೇ ಬ್ಯಾಸರ ಆಗ್ಯಾದ" ಅಂದೆ. ನಮ್ಮ ಕಡೆ ಬಿಸಿಲು ಜಾಸ್ತಿ ಆದರೂ ಹೀಗೇ ಅಂತೀವಿ. ಅವರು ಸಾಯುವ ಮಾತು ಅಂತ ಬರೆದುಕೊಂಡು ಎಚ್‌ಆರ್‌ಗೆ ಹೇಳಿದರು. ಮೂರೇ ದಿನದಲ್ಲಿ ನನ್ನನ್ನು ಓಪಿಡಿಗೆ ಹಾಕಿದರು, ನೈಟ್ ಅಲವೆನ್ಸೂ ಹೋಯಿತು. ನನ್ನ ಮಾತು ತಿಳಿಯುವ, ನಿಮ್ಮದು ಯಾವ ಜನ ಅಂತ ಕೇಳದ, ಆಸ್ಪತ್ರೆಗೆ ಹೇಳದ ಯಾರಾದರೂ ಗೊತ್ತಾ? ತಿಂಗಳಿಗೆ ಎರಡು ಸಾವಿರದ ಮೇಲೆ ಕೊಡಲು ಆಗುವುದಿಲ್ಲ.

ಡಯಾಲಿಸಿಸ್ ಸಿಸ್ಟರ್, ಮೈಸೂರು:
ದುಡ್ಡು ಕೊಟ್ಟು ಹೋಗುವ ಮುಂಚೆ ನನ್ನ ಲೆಕ್ಕ ನೋಡಿ. ಒಂದು ಸಲಕ್ಕೆ 1,800. ಹದಿನಾಲ್ಕು ಸಲ ಹೋದೆ, 25,200 ಆಯಿತು. ಆಟೋ ಹೋಗಿ ಬರಲು 280, ಅದು 3,920. ಅವರು ಕೊಡುತ್ತಿದ್ದ ಟೈಮ್ ಬೆಳಗ್ಗೆ ಹನ್ನೊಂದು. ನಾನು ನೈಟ್ ಮುಗಿಸಿ ಹ್ಯಾಂಡ್‌ಓವರ್ ಕೊಟ್ಟು ಹೊರಗೆ ಬರುವುದು ಎಂಟೂವರೆಗೆ, ಮನೆಗೆ ಹೋದರೆ ಮತ್ತೆ ಏಳುವುದಿಲ್ಲ ಅಂತ ಬಸ್ ಸ್ಟ್ಯಾಂಡಿನಲ್ಲೇ ಕೂತು ತೂಕಡಿಸುತ್ತಿದ್ದೆ. ಆರು ದಿನದ ಸಂಬಳ ಕಟ್ ಆಯಿತು, ದಿನಕ್ಕೆ 800ರಂತೆ 4,800. ಒಟ್ಟು 33,920. ನನ್ನ ಚಿನ್ನದ ಓಲೆ ಇನ್ನೂ ಅಡವಿನಲ್ಲಿದೆ.

ಇಷ್ಟೆಲ್ಲ ಆದ ಮೇಲೆ ಗೊತ್ತಾಯಿತು, ಬೋರ್ಡಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಂಡಿದ್ದವರಿಗೆ ಅದಕ್ಕೆ ಬೇಕಾದ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿಯೇ ಇರಲಿಲ್ಲ. ಪ್ರತಿ ಸಲ ಒಂದೇ ಮಾತು, ಇಲ್ಲ ಅನ್ನುವುದನ್ನು ಕಲಿಯಿರಿ ಅಂತ. ಯಾರಿಗೆ ಇಲ್ಲ ಅನ್ನಲಿ? ಮಷೀನ್‌ಗೆ ಹಾಕಿದ ಪೇಷಂಟ್ ನಾಲ್ಕು ಗಂಟೆ ನನ್ನ ಕಣ್ಣ ಮುಂದೆ ಇರುತ್ತಾರೆ. ವಾರಕ್ಕೆ ಮೂರು ಸಲ ಬರುತ್ತಾರೆ, ಅವರ ಮಗಳ ಮದುವೆ ಕಾರ್ಡೂ ನನಗೆ ಬಂದಿರುತ್ತದೆ. ಒಂದು ದಿನ ಆ ಕುರ್ಚಿ ಖಾಲಿ. ಇದನ್ನು ಅವರಿಗೆ ತಿಳಿಸಿ ಹೇಳುವುದಕ್ಕೇ ಆರು ಸೆಷನ್ ಹೋಯಿತು. ಅಂದರೆ ನನ್ನ ಕೆಲಸ ಏನು ಅಂತ ಅವರಿಗೆ ಪಾಠ ಮಾಡಲು ನಾನೇ 10,800 ಕೊಟ್ಟೆ.

ಪಿಜಿ ಡಾಕ್ಟರ್, ಹುಬ್ಬಳ್ಳಿ:
ಮೊದಲು ಸೈಕಿಯಾಟ್ರಿಸ್ಟ್ ನೋಡಿ. ನಿದ್ದೆ ಎರಡು ತಿಂಗಳಿಂದ ಇಲ್ಲ ಅಂದರೆ ಬರೀ ಮಾತಿನಿಂದ ಆಗುವುದಿಲ್ಲ. ನಾನು ತಡ ಮಾಡಿ ಕೆಟ್ಟೆ. ಪಿಜಿ ಓದಿನ ಮೊದಲ ವರ್ಷದಲ್ಲಿ 36 ಗಂಟೆ ಡ್ಯೂಟಿ ಮುಗಿಸಿ ಬಂದರೂ ಕಣ್ಣು ಮುಚ್ಚುತ್ತಿರಲಿಲ್ಲ. ನಾನೇ ಬರೆದುಕೊಂಡು ಕ್ಲೊನಾಜೆಪಾಮ್ ಅನ್ನುವ ನಿದ್ದೆ ಬರಿಸುವ ಮಾತ್ರೆ ಶುರು ಮಾಡಿದೆ. ಅರ್ಧ ಮಾತ್ರೆ ಒಂದಾಯಿತು, ಒಂದು ಎರಡಾಯಿತು. ಐದು ತಿಂಗಳಾದ ಮೇಲೆ ಬಿಡಲು ಹೋದರೆ ಕೈ ನಡುಕ, ಮೈಯೆಲ್ಲ ಬೆವರು. ಅದನ್ನು ನಿಧಾನಕ್ಕೆ ಇಳಿಸಲು ನಾಲ್ಕು ತಿಂಗಳು ಬೇಕಾಯಿತು. ಆಮೇಲೆ ಎಸ್ಸಿಟಾಲೋಪ್ರಾಮ್, ಖಿನ್ನತೆಗೆ ಕೊಡುವ ಮಾತ್ರೆ. ಮೊದಲ ಹತ್ತು ದಿನ ಬರೀ ವಾಕರಿಕೆ, ಗುಣ ಕಂಡದ್ದು ನಾಲ್ಕನೇ ವಾರದಲ್ಲಿ. ನಮ್ಮ ಕಾಲೇಜಿನಲ್ಲೇ ತೋರಿಸಿದರೆ ಸುದ್ದಿ ವಿಭಾಗದ ಮುಖ್ಯಸ್ಥರಿಗೆ ಹೋಗುತ್ತದೆ ಅಂತ ಬೆಳಗಿನ ಐದರ ಬಸ್ಸಿಗೆ ಬೇರೆ ಜಿಲ್ಲೆಗೆ ಹೋಗುತ್ತಿದ್ದೆ.

ರೆಸಿಡೆಂಟ್‌ಗಳಿಗೆ, ಅಂದರೆ ನಮ್ಮಂಥ ಪಿಜಿ ಡಾಕ್ಟರ್‌ಗಳಿಗೆ, ಡ್ಯೂಟಿ ವಾರಕ್ಕೆ 74 ಗಂಟೆ ಮೀರಬಾರದು ಅಂತ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಕಾರ್ಯಪಡೆ ಶಿಫಾರಸು ಮಾಡಿತು. ನನ್ನದು ಇವತ್ತಿಗೂ 90 ದಾಟುತ್ತದೆ. ಸಿಸ್ಟರ್‌ಗಳಿಗೆ ಶಿಫ್ಟ್ ಆದರೂ ಇದೆ, ನಮಗೆ ಅದೂ ಇಲ್ಲ.

ಡಯಾಲಿಸಿಸ್ ಸಿಸ್ಟರ್, ಮೈಸೂರು:
ಡಾಕ್ಟ್ರೇ, ಆ ಕೊನೆಯ ಸಾಲು ಯಾಕೆ ಬೇಕಿತ್ತು? ಶಿಫ್ಟ್ ಇದೆ ಅಂತ ನೀವು ಅಂದುಕೊಂಡಿದ್ದೀರಿ. ಬೆಳಗಿನವಳು ಬರಲಿಲ್ಲ ಅಂದರೆ ರಾತ್ರಿಯವಳೇ ನಿಲ್ಲಬೇಕು. ನೀವು ನಿಮಗೇ ಮಾತ್ರೆ ಬರೆದುಕೊಂಡಿರಿ. ನಮ್ಮ ಬಾಕ್ಸಿನಲ್ಲಿ ಒಂದು ಮಾತ್ರೆ ಕಡಿಮೆ ಆದರೆ ಕಳ್ಳಿ ಅಂತಾರೆ.

ಪಿಜಿ ಡಾಕ್ಟರ್, ಹುಬ್ಬಳ್ಳಿ:
ನಾನು ಮಾಡಿದ್ದು ತಪ್ಪು ಅಂತ ಹೇಳಲೆಂದೇ ಬರೆದೆ ಸಿಸ್ಟರ್. ನನ್ನ ಬ್ಯಾಚ್‌ನ ಒಬ್ಬ ಇವತ್ತು ಇಲ್ಲ. ಅವನೂ ಸಾಕಾಯಿತು ಅಂತಲೇ ಅನ್ನುತ್ತಿದ್ದ, ನಾವು ಸುಮ್ನೆ ಮಾತಿಗೆ ಅಂದ ಅಂತ ಬಿಟ್ಟೆವು. ಅದಕ್ಕೇ ಆ ಕೌನ್ಸೆಲರ್ ಗಾಬರಿ ಬಿದ್ದದ್ದು ನನಗೆ ಪೂರ್ತಿ ತಪ್ಪು ಅನ್ನಿಸುವುದಿಲ್ಲ. ಮತ್ತೆ ಒಂದು ಸಲ ಬಿಡಿಸಿ ಕೇಳಬೇಕಿತ್ತು, "ಸಾಯಬೇಕು ಅನ್ನಿಸುತ್ತದಾ" ಅಂತ ನೇರವಾಗಿ. ಎಚ್‌ಆರ್‌ಗೆ ಹೇಳಿದ್ದು ಮಾತ್ರ ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 23 ರೋಗಿಗೆ ತನ್ನ ಗುಟ್ಟು ಉಳಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯ ಇದ್ದರೆ ಅದನ್ನು ತಡೆಯಲು ಬೇಕಾದಷ್ಟು ಹೊರಗೆ ಹೇಳಬಹುದು. ಡ್ಯೂಟಿ ಲಿಸ್ಟ್ ಬದಲಿಸಲು ಅಲ್ಲ.

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ:
ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನಸ್ಸಿನ ತೊಂದರೆ ನೋಡುವ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ದುಡ್ಡಿಲ್ಲ. ನಾನೇ ಎಷ್ಟೋ ಜನರನ್ನು ಕರೆದುಕೊಂಡು ಹೋಗಿದ್ದೇನೆ. ಆದರೆ ನನಗೇ ಬೇಕಾದಾಗ ಹೋಗಲು ಆಗಲಿಲ್ಲ. ಆ ಸಾಲಿನಲ್ಲಿ ನಿಂತವರೆಲ್ಲ ನನ್ನ ಊರಿನವರು, ನಾನೇ ಹೆರಿಗೆಗೆ ಕರೆತಂದ ಹೆಣ್ಣುಮಕ್ಕಳು. "ಆಶಾ ಅಕ್ಕಗ ತಲಿ ಕೆಟ್ಟದಂತ" ಅಂತ ಸಂಜೆಯೊಳಗೆ ಊರೆಲ್ಲ ಗೊತ್ತಾಗುತ್ತಿತ್ತು.

ಒಬ್ಬ ಬಾಣಂತಿ ಆಂಬ್ಯುಲೆನ್ಸಿನಲ್ಲಿ ನನ್ನ ತೊಡೆ ಮೇಲೆ ಜೀವ ಬಿಟ್ಟಳು. ಮರುದಿನವೂ ಸರ್ವೇಗೆ ಹೋಗಬೇಕಿತ್ತು. ಆಗ ರಾಜ್ಯದಿಂದ ಬರುತ್ತಿದ್ದ ಗೌರವಧನ ಐದು ಸಾವಿರ, ಉಳಿದದ್ದು ಮಾಡಿದ ಕೆಲಸಕ್ಕೆ ಇಷ್ಟಿಷ್ಟು ಅಂತ. ಬಾಣಂತಿ ಸತ್ತ ಮೇಲೆ ಆ ಹೆರಿಗೆಯನ್ನು ದಾಖಲೆಗೆ ಸೇರಿಸಲು ನಾನೇ ಐದು ಸಲ ಓಡಾಡಿದೆ. 2025ರ ಜನವರಿಯಲ್ಲಿ ನಾವು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತೆವಲ್ಲ, ಆ ರಾತ್ರಿ ಮೊದಲ ಸಲ ಪಕ್ಕದವಳಿಗೆ ಇದನ್ನು ಹೇಳಿದೆ. ಅವಳದ್ದೂ ಅದೇ ಕಥೆ. ಇಬ್ಬರೂ ಬೆಳಗಿನವರೆಗೆ ಅತ್ತೆವು. ಆಮೇಲೆ ಅವಳೇ ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು ಅಂದಳು, 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹೊಲದ ಬದುವಿನಲ್ಲಿ ಕೂತು ಮಾಡಿದೆ. ಆ ಕಡೆಯ ಹುಡುಗಿ ಮೊದಲು ಕೇಳಿದ್ದು ಊಟ ಆಯ್ತೇನ್ರಿ ಅಂತ. ಇಲ್ಲ ಅಂದೆ, ಅಳು ಬಂತು.

ಲ್ಯಾಬ್ ಟೆಕ್ನೀಶಿಯನ್, ಶಿವಮೊಗ್ಗ:
ಎಲ್ಲರೂ ಭಾಷೆ ಅಂತೀರಿ. ನಾನು ಮೊದಲು ತೋರಿಸಿದ ಡಾಕ್ಟರ್ ಅಪ್ಪಟ ಕನ್ನಡದವರು, ನನ್ನದೇ ತಾಲೂಕು. ನಾನು ಗಂಡಸು, ಗಂಡಸನ್ನೇ ಇಷ್ಟಪಡುವವನು ಅಂತ ಹೇಳಿದ ದಿನ ನಮ್ಮ ಅಪ್ಪನಿಗೆ ಫೋನ್ ಮಾಡಿದರು. ಸರಿ ಮಾಡುತ್ತೇವೆ ಅಂತ ಎಂಟು ತಿಂಗಳು ಮಾತ್ರೆ ಕೊಟ್ಟರು, 11 ಕೆಜಿ ದಪ್ಪ ಆದೆ, ಮೈಕ್ರೋಸ್ಕೋಪ್ ಮುಂದೆ ಕೂತಲ್ಲೇ ನಿದ್ದೆ. ಹಾಗೆ "ಸರಿ ಮಾಡುವುದು" ವೃತ್ತಿ ದುರ್ನಡತೆ ಅಂತ 2022ರಲ್ಲೇ ಎನ್‌ಎಂಸಿ ರಾಜ್ಯಗಳ ಮೆಡಿಕಲ್ ಕೌನ್ಸಿಲ್‌ಗಳಿಗೆ ಬರೆದಿದೆ. ನನಗೆ ಆಗ ಗೊತ್ತಿರಲಿಲ್ಲ. ಈಗ ನೋಡುತ್ತಿರುವವರು ಹಿಂದಿ ಮಾತಾಡುವ ಮೇಡಂ, ವಿಡಿಯೋ ಕಾಲ್‌ನಲ್ಲಿ ತಿಂಗಳಿಗೆ ಎರಡು ಸಲ, 900 ರೂಪಾಯಿ. ನನ್ನ ಹಿಂದಿ ಅಷ್ಟಕ್ಕಷ್ಟೇ. ಆದರೂ ಅವರ ಮುಂದೆ ಉಸಿರಾಡಲು ಆಗುತ್ತದೆ.

ಮಂಗಳೂರು ಸಿಸ್ಟರ್, 19 ವರ್ಷ ಸರ್ವಿಸ್:
ಈ ತಮ್ಮ ಹೇಳಿದ್ದು ಸರಿ. ನನ್ನನ್ನು ಉಳಿಸಿದ್ದು ಕೇರಳದ ಒಬ್ಬ ಸಿಸ್ಟರ್, ಕೌನ್ಸೆಲಿಂಗ್ ಓದಿದವರು. ಅವರ ಕನ್ನಡ ಮುರುಕು, ನನ್ನ ಮನೆ ಮಾತು ತುಳು. ಆದರೆ ಅವರಿಗೆ ವಾರ್ಡ್ ಗೊತ್ತಿತ್ತು. ಕೋವಿಡ್‌ನಲ್ಲಿ ಪಿಪಿಇ ಕಿಟ್ ಒಳಗೆ ಮುಟ್ಟಾದರೆ ಏನು ಗತಿ ಅಂತ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಭಾಷೆಯವರೇ ಬೇಕು ಅಂತ ಹಟ ಹಿಡಿದು ಕೂರಬೇಡಿ.

ಡಿ ಗ್ರೂಪ್, ಶವಾಗಾರ:
ಅಕ್ಕಾ, ಆ ತಂಗಿ ಬರೀ ಭಾಷೆ ಕೇಳಲಿಲ್ಲ. ಯಾವ ಜನ ಅಂತ ಕೇಳದವರು ಬೇಕು ಅಂದಿದ್ದಾರೆ. ಅದನ್ನು ಇಷ್ಟು ಜನ ಬರೆದರೂ ಒಬ್ಬರೂ ಮುಟ್ಟಲಿಲ್ಲ. ನಾನು ಹನ್ನೊಂದು ವರ್ಷದಿಂದ ಹೆಣ ಎತ್ತುತ್ತೇನೆ, ಏಜೆನ್ಸಿ ಕೆಲಸ. ಕೋವಿಡ್ ಆದ ಮೇಲೆ ಸಿಬ್ಬಂದಿಗೆ ಮನಸ್ಸಿನ ಶಿಬಿರ ಅಂತ ಮಾಡಿದರು. ಡಾಕ್ಟರ್, ಸಿಸ್ಟರ್ ಒಳಗೆ ಕೂತರು. ನಮಗೆ ಕುರ್ಚಿ ಜೋಡಿಸಿ, ಕಾಫಿ ಹಂಚಿ ಅಂದರು. ಆ ಎರಡು ವರ್ಷದಲ್ಲಿ ಎಲ್ಲರಿಗಿಂತ ಜಾಸ್ತಿ ಹೆಣ ಮುಟ್ಟಿದವರು ಯಾರು? ನಾನೇ ಒಂದು ಸಲ ಹೊರಗಿನ ಕೌನ್ಸೆಲರ್ ಹತ್ತಿರ ಹೋದೆ. ಕೈ ವಾಸನೆ ಹೋಗುವುದಿಲ್ಲ, ಅನ್ನ ಸೇರುವುದಿಲ್ಲ ಅಂದೆ. "ನಿಮ್ಮವರಿಗೆ ಇದು ಅಭ್ಯಾಸ ಇರಬೇಕಲ್ವಾ" ಅಂದರು. ಎದ್ದು ಬಂದೆ. 500 ರೂಪಾಯಿ ಕೊಟ್ಟೇ ಬಂದೆ.

ಮಂಗಳೂರು ಸಿಸ್ಟರ್, 19 ವರ್ಷ ಸರ್ವಿಸ್:
ಅಣ್ಣ, ನಾನು ಕುರ್ಚಿಯಲ್ಲಿ ಕೂತವಳು, ನಿಜ. ಆದರೆ ಶಿಬಿರ ನಾನು ಮಾಡಿದ್ದಲ್ಲ.

ಡಿ ಗ್ರೂಪ್, ಶವಾಗಾರ:
ಮಾಡಿದ್ದಲ್ಲ. ಕಾಫಿ ಕೊಟ್ಟವನ ಮುಖ ನೋಡಿದಿರಾ ಅಂತ ಕೇಳುತ್ತಿದ್ದೇನೆ.

ಇಂಗ್ಲೆಂಡಿನ ಕೇರ್ ಹೋಮ್ ನರ್ಸ್, ಹಾಸನ:
ಇಲ್ಲಿ ಇಂಗ್ಲೆಂಡಿನಲ್ಲಿ ಜಿಪಿಗೆ (ನಮ್ಮ ಹೆಸರು ಇರುವ ಕ್ಲಿನಿಕ್‌ನ ಡಾಕ್ಟರ್) ಹೇಳದೆ ನಾವೇ ಟಾಕಿಂಗ್ ಥೆರಪಿಗೆ, ಅಂದರೆ ಮಾತಿನ ಚಿಕಿತ್ಸೆಗೆ, ಹೆಸರು ಕೊಡಬಹುದು. ದುಡ್ಡಿಲ್ಲ, ಇಂಟರ್‌ಪ್ರಿಟರ್ ಕೂಡ ಕೇಳಬಹುದು. ನಾನು ಕೇಳಿದೆ. ಫೋನಿನಲ್ಲಿ ಬಂದ ಇಂಟರ್‌ಪ್ರಿಟರ್ ಹೆಂಗಸಿನ ದನಿ ಕೇಳಿದ ಕೂಡಲೇ ಎದೆ ಧಸಕ್ ಅಂತು. ರಾಜ್ಯೋತ್ಸವದಲ್ಲಿ ನನ್ನ ಪಕ್ಕವೇ ಕೂತು ಬಿಸಿಬೇಳೆಬಾತ್ ತಿಂದವರು. ಅವರೂ ಗುಟ್ಟು ಕಾಯಬೇಕು, ಅದು ನಿಯಮ. ಆದರೂ ಗಂಡನ ವಿಷಯ ಬಾಯಿಗೆ ಬರಲೇ ಇಲ್ಲ. ಎರಡನೇ ಸಲದಿಂದ ನನ್ನ ಹರಕು ಇಂಗ್ಲಿಷ್‌ನಲ್ಲೇ ಮಾತಾಡಿದೆ. ನಮ್ಮೂರಿನವರು ಬೇಕು ಅನ್ನುವವರು ಇದನ್ನೂ ಯೋಚಿಸಿ.

ಡಯಾಲಿಸಿಸ್ ಸಿಸ್ಟರ್, ಮೈಸೂರು:
ಅಲ್ಲಿ ಪುಕ್ಕಟೆ ಸಿಗುತ್ತದೆ, ನಿಮಗೆ ಆಯ್ಕೆ ಇದೆ. ಇಲ್ಲಿ ಇನ್ಶೂರೆನ್ಸ್‌ನವರನ್ನು ಕೇಳಿದೆ. ಮಾನಸಿಕ ಕಾಯಿಲೆಗೆ ಕವರ್ ಇದೆ ಮೇಡಂ, ಆದರೆ ನೀವು ಅಡ್ಮಿಟ್ ಆಗಬೇಕು ಅಂದರು. ಕೂತು ಮಾತಾಡಿದ್ದಕ್ಕೆ ನನ್ನ ಪಾಲಿಸಿಯಲ್ಲಿ ಒಂದು ಪೈಸೆ ಇಲ್ಲ.

ಇಂಗ್ಲೆಂಡಿನ ಕೇರ್ ಹೋಮ್ ನರ್ಸ್, ಹಾಸನ:
ಆಯ್ಕೆ ಅಂದಿರಿ. ನನ್ನ ವೀಸಾ ಈ ಕೆಲಸಕ್ಕೇ ಅಂಟಿದೆ. ಮೂರು ವರ್ಷದಿಂದ ಮಗನ ಮುಖ ಫೋನಿನಲ್ಲಿ ನೋಡುತ್ತಿದ್ದೇನೆ. ಯಾರದ್ದು ಹಗುರ ಅಂತ ಅಳೆಯಬೇಡಿ ದಯವಿಟ್ಟು.

ಐಸಿಯು ಸಿಸ್ಟರ್ (ಕಲಬುರಗಿ ಕಡೆಯವಳು):
ಎಲ್ಲ ಓದಿದೆ. ಡಾಕ್ಟ್ರೇ, ನೀವು ನೇರವಾಗಿ ಬರೆದದ್ದಕ್ಕೆ ನೇರವಾಗಿ ಹೇಳುತ್ತೇನೆ, ಸಾಯಬೇಕು ಅನ್ನಿಸಿಲ್ಲ. ನಿದ್ದೆ ಬೇಕು ಅಷ್ಟೇ. ಶವಾಗಾರದ ಅಣ್ಣ, ಆ ಮೂರು ಜನರನ್ನು ಕಟ್ಟಿ ಕೆಳಗೆ ಕಳಿಸಿದವಳು ನಾನು, ಕೆಳಗೆ ನಿಮ್ಮಂಥವರು ತೆಗೆದುಕೊಂಡರು ಅಂತ ಇವತ್ತಿನವರೆಗೆ ಯೋಚಿಸಿರಲಿಲ್ಲ. ಆಶಾ ಅಕ್ಕ, ಒಂದು ಮಾತು. 14416ರಲ್ಲಿ ಹೆಸರು, ಊರು ಎಲ್ಲ ಕೇಳುತ್ತಾರಾ?

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ:
ನನ್ನನ್ನು ಏನಂತ ಕರೆಯಲಿ ಅಂತ ಕೇಳಿದರು ತಂಗಿ. ನಾನು ನಮ್ಮವ್ವನ ಹೆಸರು ಹೇಳಿದೆ. ಜಾತಿ ಕೇಳಲಿಲ್ಲ. ಇವತ್ತು ರಾತ್ರಿ ಊಟ ಮಾಡಿ ಫೋನ್ ಮಾಡು.