ಒಳಗೆ ಕ್ರೀಮ್ ಇರುವ ಪುಟ್ಟ ಚಾಕೊಲೇಟ್ ಕಪ್‌ಕೇಕ್: ಓವನ್ ಇಲ್ಲದೆ, ಸುಲಭದಲ್ಲಿ ಆಗುತ್ತದಾ?

ಪೆರ್ಲದಿಂದ ಕೇಳಿದ್ದು

ಮುಂದಿನ ಶನಿವಾರ ಮಗಳಿಗೆ 7 ತುಂಬುತ್ತದೆ. ಕಚ್ಚಿದರೆ ಒಳಗಿಂದ ಬಿಳಿ ಕ್ರೀಮ್ ಬರುವ ಪುಟ್ಟ ಚಾಕೊಲೇಟ್ ಕಪ್‌ಕೇಕ್ ಬೇಕಂತೆ. ಸುಮಾರು 40 ಆಗಬೇಕು. ಓವನ್ ಇಲ್ಲ, ಟ್ರೇ ಇಲ್ಲ. ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಏಪ್ರಿಲಿನ ಸೆಕೆ ಬೇರೆ. ಎಲ್ಲ ಬೆರೆಸಿಟ್ಟ ಕೇಕಿನ ಹುಡಿ, ಅದೇ ಪ್ರಿಮಿಕ್ಸ್, ತಂದರೆ ಸಾಕಾ? ಕ್ರೀಮನ್ನು ಒಳಗೆ ತುಂಬುವುದು ಹೇಗೆ? ಮಾಡಿದವರು ಹೇಳಿ.

ಬದಿಯಡ್ಕದಿಂದ

ಅಕ್ಕಾ, ಧಾರಾಳ ಆಗುತ್ತದೆ. ಹೋದ ವರ್ಷ ಮಗನ ಹುಟ್ಟುಹಬ್ಬಕ್ಕೆ ನಾನು ಮಾಡಿದ್ದು ಹೀಗೆಯೇ. ನಿಮ್ಮ ಮನೆಯಲ್ಲಿ ಗುಳಿಯಪ್ಪದ ಕಾವಲಿ ಇರುತ್ತದಲ್ವಾ? ಅದೇ ನಿಮ್ಮ ಟ್ರೇ.

ಕೇಕಿಗೆ ಪ್ರಿಮಿಕ್ಸ್ ತನ್ನಿ, ಅದರಲ್ಲಿ ಸಂಕೋಚ ಬೇಡ. ಪ್ಯಾಕೆಟಿನ ಮೇಲೆ ಹಸಿರು ಚುಕ್ಕಿ ಉಂಟಾ ನೋಡಿಕೊಳ್ಳಿ, ಅತ್ತೆಗೂ ಕೊಡಬಹುದು. ನೀರು, ಎಣ್ಣೆ ಪ್ಯಾಕೆಟಿನಲ್ಲಿ ಹೇಳಿದಷ್ಟೇ. ನಾನು ನೀರಿನಲ್ಲಿ ಎರಡು ಚಮಚ ಕಡಿಮೆ ಮಾಡಿ ಅಷ್ಟೇ ಗಟ್ಟಿ ಕಾಫಿ ಡಿಕಾಕ್ಷನ್ ಹಾಕುತ್ತೇನೆ. ಕಾಫಿಯ ರುಚಿ ಗೊತ್ತಾಗುವುದಿಲ್ಲ, ಚಾಕೊಲೇಟ್ ರುಚಿ ಎದ್ದು ಬರುತ್ತದೆ. ಕಾವಲಿಗೆ ಎಣ್ಣೆ ಸವರಿ, ಗುಳಿಯ ಮುಕ್ಕಾಲು ಭಾಗ ಮಾತ್ರ ಹಿಟ್ಟು ಹೊಯ್ಯಿರಿ. ತೀರಾ ಸಣ್ಣ ಉರಿ, ಮೇಲೆ ಮುಚ್ಚಳ. ಐದಾರು ನಿಮಿಷಕ್ಕೆ ಮೇಲ್ಭಾಗ ಒಣಗಿದ ಹಾಗೆ ಕಾಣುತ್ತದೆ. ಆಗ ತಿರುವಿ ಹಾಕಿ ಇನ್ನೊಂದು ನಿಮಿಷ. ಆಕಾರ ಉಂಡೆಯ ಹಾಗೆ ಬರುತ್ತದೆ. ಸಣ್ಣ ಕಾಗದದ ಕಪ್ಪಿನಲ್ಲಿ ಕೂರಿಸಿದರೆ ಚಂದ ಕಾಣುತ್ತದೆ.

ಕ್ರೀಮಿನ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ಮೊದಲ ಸಲ ನಾನು ಅಡುಗೆಗೆ ಹಾಕುವ ಫ್ರೆಶ್ ಕ್ರೀಮ್ ತಂದು ಅರ್ಧ ಗಂಟೆ ಬೀಟ್ ಮಾಡಿದೆ. ನೊರೆ ಬಂತೇ ಹೊರತು ಗಟ್ಟಿಯಾಗಲೇ ಇಲ್ಲ. ಮತ್ತೆ ಪ್ಯಾಕೆಟ್ ಓದಿದರೆ ಕೊಬ್ಬು 25 ಶೇಕಡಾ. ಗಟ್ಟಿಯಾಗಿ ನಿಲ್ಲಬೇಕಾದರೆ ಕಡಿಮೆಯೆಂದರೂ 30 ಬೇಕು, 35 ಇದ್ದರೆ ಒಳ್ಳೆಯದು. ಹಾಗಾಗಿ ನೀವು ಕೇಕಿನವರು ಬಳಸುವ ನಾನ್‌ಡೈರಿ (ಹಾಲಿನ ಕೊಬ್ಬಿನ ಬದಲು ಸಸ್ಯದ ಕೊಬ್ಬಿನ) ವಿಪ್ಪಿಂಗ್ ಕ್ರೀಮ್ ತನ್ನಿ. ಅದು ಸೆಕೆಗೆ ಹೆಚ್ಚು ತಡೆಯುತ್ತದೆ. ಸಕ್ಕರೆ ಅದರಲ್ಲೇ ಇರುತ್ತದೆ, ಮತ್ತೆ ಹಾಕಬೇಡಿ. ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಮಂಜುಗಟ್ಟಿದ ಪ್ಯಾಕೆಟ್ ಕೊಡುತ್ತಾರೆ. ಬಸ್ಸಿನಲ್ಲಿ ತರುವುದಾದರೆ ನಾಲ್ಕು ಪದರ ಪೇಪರಿನಲ್ಲಿ ಸುತ್ತಿ ತನ್ನಿ. ರಾತ್ರಿ ಫ್ರೀಜರಿನಿಂದ ಕೆಳಗಿನ ತಟ್ಟೆಗೆ ಇಳಿಸಿದರೆ ಬೆಳಿಗ್ಗೆ ಕರಗಿರುತ್ತದೆ. ಹೊರಗಿಟ್ಟು ಕರಗಿಸಬೇಡಿ.

ಬೀಟ್ ಮಾಡುವ ಪಾತ್ರೆಯೂ ತಣ್ಣಗಿರಲಿ, ಕೆಳಗೆ ಐಸ್ ನೀರಿನ ಬೋಗುಣಿ ಇಡಿ. 40ಕ್ಕೆ 150 ಮಿಲಿ ಸಾಕು, ಅದು ಉಬ್ಬಿ ಎರಡು ಪಾಲಿಗಿಂತ ಜಾಸ್ತಿ ಆಗುತ್ತದೆ. ಬೀಟರ್ ಎತ್ತಿದಾಗ ತುದಿ ನೆಟ್ಟಗೆ ನಿಂತರೆ ಆಯಿತು, ನಿಲ್ಲಿಸಿ. ಇನ್ನೂ ಓಡಿಸಿದರೆ ತರಿತರಿ ಆಗುತ್ತದೆ. ಈ ಕೆಲಸ ಬೆಳಿಗ್ಗೆಯೇ ಮುಗಿಸಿ ಅಕ್ಕಾ. ಈಗ ಸಂಜೆ ಗುಡುಗು ಶುರುವಾದರೆ ಕರೆಂಟು ಹೋಗುತ್ತದೆ.

ಕುಂಬಳೆಯಿಂದ

ತುಂಬುವುದರ ಬಗ್ಗೆ ನಾನು ಹೇಳುತ್ತೇನೆ. ಕೇಕ್ ಪೂರ್ತಿ ತಣಿಯಬೇಕು. ಮುಟ್ಟಿದರೆ ಬಿಸಿ ಇಲ್ಲ ಎಂದರೆ ಸಾಲದು, ಒಳಗೆ ಬಿಸಿ ಇರುತ್ತದೆ. ನನ್ನ ತಂಗಿಯ ಮದುವೆ ನಿಶ್ಚಯದ ದಿನ ಅವಸರದಲ್ಲಿ ತುಂಬಿಸಿದ 30 ಕೇಕಿನ ಕ್ರೀಮ್ ಕರಗಿ ತಳ ಒದ್ದೆಯಾಯಿತು. ತುಂಬ ಬೇಸರವಾಗಿತ್ತು. ಈಗ ಹಿಂದಿನ ರಾತ್ರಿಯೇ ಕೇಕ್ ಮಾಡಿ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ, ಬೆಳಿಗ್ಗೆ ತುಂಬಿಸುತ್ತೇನೆ.

ಕ್ರೀಮ್ ಒತ್ತುವ ನಾಝಲ್ ಬೇಕೆಂದಿಲ್ಲ. ಎಳನೀರಿನ ದಪ್ಪ ಸ್ಟ್ರಾ ತಳದಿಂದ ಅರ್ಧದವರೆಗೆ ಚುಚ್ಚಿ ತಿರುಗಿಸಿ ತೆಗೆಯಿರಿ, ಸ್ಟ್ರಾದೊಳಗೆ ಕೇಕಿನ ತುಂಡು ಬರುತ್ತದೆ. ತೊಳೆದು ಒರೆಸಿದ ಹಾಲಿನ ಪ್ಯಾಕೆಟಿಗೆ ಕ್ರೀಮ್ ತುಂಬಿ, ಮೂಲೆ ಕತ್ತರಿಸಿ, ತೂತಿಗೆ ಇಟ್ಟು ಒತ್ತಿ. ಕೇಕ್ ಸ್ವಲ್ಪ ಉಬ್ಬಿದ್ದು ಕೈಗೆ ಗೊತ್ತಾಗುತ್ತದೆ, ಅಲ್ಲಿಗೆ ಬಿಡಿ.

ನೀರ್ಚಾಲಿನಿಂದ

ಕಾಯಿಹಾಲಿನ ಕ್ರೀಮ್ ಮಾಡಿ ನೋಡಿದ್ದೇನೆ, ಮನೆಯಲ್ಲಿ ತೆಂಗಿನಕಾಯಿಗೆ ಬರವಿಲ್ಲವಲ್ಲ. ದಪ್ಪ ಹಾಲನ್ನು ರಾತ್ರಿ ಫ್ರಿಡ್ಜಿನಲ್ಲಿಟ್ಟರೆ ಮೇಲೆ ಗಟ್ಟಿ ಪದರ ನಿಲ್ಲುತ್ತದೆ, ಅದನ್ನು ಬೀಟ್ ಮಾಡುವುದು. ರುಚಿ ಬಹಳ ಒಳ್ಳೆಯದು. ಆದರೆ ತೆಂಗಿನೆಣ್ಣೆ 24 ಡಿಗ್ರಿಗೇ ಕರಗುತ್ತದೆ. ನಮ್ಮ ಏಪ್ರಿಲಿನಲ್ಲಿ ಮೇಜಿನ ಮೇಲೆ ಹತ್ತು ನಿಮಿಷ ನಿಲ್ಲಲಿಕ್ಕಿಲ್ಲ. ಬೆಣ್ಣೆ ಕ್ರೀಮೂ ಹಾಗೆಯೇ, 32ರ ಹತ್ತಿರ ಜಾರತೊಡಗುತ್ತದೆ. ಮಕ್ಕಳ ಪಾರ್ಟಿಗೆ ಇವೆರಡೂ ಬೇಡ.

ಬಿಳಿಯೇ ಬೇಕೆಂಬ ಹಟ ಇಲ್ಲದಿದ್ದರೆ ಗನಾಶ್, ಎಂದರೆ ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್, ಮಾಡಿ. ಆ 25 ಶೇಕಡಾದ ಕ್ರೀಮ್ ಅದಕ್ಕೆ ಚೆನ್ನಾಗಿ ಆಗುತ್ತದೆ. 200 ಗ್ರಾಂ ಡಾರ್ಕ್ ಚಾಕೊಲೇಟ್ ಹೆಚ್ಚಿಟ್ಟು, 100 ಮಿಲಿ ಕ್ರೀಮ್ ಅಂಚಿನಲ್ಲಿ ಗುಳ್ಳೆ ಬರುವಷ್ಟು ಬಿಸಿ ಮಾಡಿ ಮೇಲೆ ಹೊಯ್ದು, ಎರಡು ನಿಮಿಷ ಬಿಟ್ಟು ಕಲಸಿ. ಕುದಿಸಬೇಡಿ. ಅಡಿಕೆ ಮರಗಳ ನಡುವೆ ನಮ್ಮದು ಕೊಕ್ಕೋ ಗಿಡಗಳೂ ಇವೆ. ಹಸಿ ಬೀಜ ಅಡಿಕೆ, ಕೊಕ್ಕೋ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋಗೆ ಕೊಡುತ್ತೇವೆ. ಪುತ್ತೂರಿನಲ್ಲಿ 1986ರಿಂದ ಅವರ ಚಾಕೊಲೇಟ್ ಕಾರ್ಖಾನೆ ಉಂಟಲ್ವಾ, ಅಲ್ಲಿಯ ಚಾಕೊಲೇಟನ್ನೇ ನಾನು ಹಾಕುವುದು. ತೋಟದ ಹಣ್ಣೇ ತಿರುಗಿ ಬಂತು ಎಂದು ಮಕ್ಕಳಿಗೆ ಹೇಳಿದರೆ ಅವರಿಗೆ ಅದೇ ದೊಡ್ಡ ಖುಷಿ.

ಉಪ್ಪಳದಿಂದ

ಕಾವಲಿಯ ಅಡಿಗೆ ಹಳೆಯ ಕಬ್ಬಿಣದ ದೋಸೆ ಕಲ್ಲು ಇಡಿ. ಇಲ್ಲದಿದ್ದರೆ ತಳ ಕರಟುತ್ತದೆ.

ಪೆರ್ಲದಿಂದ, ಭಾನುವಾರ

ಎಲ್ಲರಿಗೂ ತುಂಬ ಉಪಕಾರವಾಯಿತು. 500 ಗ್ರಾಂ ಪ್ರಿಮಿಕ್ಸಿನಲ್ಲಿ 46 ಆಯಿತು. ಮೊದಲ ಸುತ್ತು ಸ್ವಲ್ಪ ಕರಟಿತು, ದೋಸೆ ಕಲ್ಲು ಇಟ್ಟ ಮೇಲೆ ಸರಿಯಾಯಿತು. ಶುಕ್ರವಾರ ರಾತ್ರಿ ಕೇಕ್, ಶನಿವಾರ ಬೆಳಿಗ್ಗೆ ಕ್ರೀಮ್. ತುಂಬಿಸಿದ್ದನ್ನು ಮಕ್ಕಳು ಬರುವವರೆಗೆ ಫ್ರಿಡ್ಜಿನಲ್ಲೇ ಇಟ್ಟೆ. ಸ್ಟ್ರಾದಲ್ಲಿ ಬಂದ ತುಂಡುಗಳನ್ನೆಲ್ಲ ಮಗಳು ಅಲ್ಲೇ ನಿಂತು ತಿಂದಳು. ಅತ್ತೆ ಎರಡು ತಿಂದರು, ಮತ್ತೊಂದನ್ನು ಕೇಳಿ ತೆಗೆದಿಟ್ಟುಕೊಂಡರು. ಬೀಟ್ ಮಾಡಿದ ಕ್ರೀಮ್ ಒಂದು ಲೋಟದಷ್ಟು ಉಳಿದಿದೆ. ಎಷ್ಟು ದಿನ ಇಡಬಹುದು?

ಬದಿಯಡ್ಕದಿಂದ

ಮುಚ್ಚಿ ಫ್ರಿಡ್ಜಿನಲ್ಲಿಟ್ಟರೆ ಎರಡು ದಿನ ಏನೂ ಆಗುವುದಿಲ್ಲ ಅಕ್ಕಾ. ಮಾವಿನಹಣ್ಣು ಹೆಚ್ಚಿ ಅದರ ಮೇಲೆ ಹಾಕಿ ಮಗಳಿಗೆ ಕೊಡಿ.