ಅಪ್ಪನನ್ನು ಇಲ್ಲಿಗೆ ಕರೆತರುವ ಬಗೆ ತಿಳಿಸಿ

ಕೆನಡಾದ ಬ್ರಾಂಪ್ಟನ್‌ನಿಂದ ಪ್ರಶ್ನೆ:
ನಮಸ್ಕಾರ. ಓದುವ ದಿನಗಳಲ್ಲಿ ನಾನು ಭಾನುವಾರ ಮಧ್ಯಾಹ್ನ ಅರಸೀಕೆರೆಯಿಂದ ಬೆಂಗಳೂರಿಗೆ ಹೊರಟಾಗಲೆಲ್ಲ, ಅಪ್ಪ ಒಂದು ಗಂಟೆ ಮೊದಲೇ ಬಸ್ ನಿಲ್ದಾಣಕ್ಕೆ ಹೋಗಿ, ನೂಕುನುಗ್ಗಲಿನಲ್ಲಿ ಹತ್ತಿ, ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿ ಕಾಯುತ್ತಿದ್ದರು, ನಾನು ಬಂದೊಡನೆ “ಚಿಲ್ಲರೆ ಇದೆಯಾ?” ಎಂದಷ್ಟೇ ಕೇಳಿ ಇಳಿದುಬಿಡುತ್ತಿದ್ದರು. ಗೆಳತಿಯರ ಎದುರು ಆ ಟವೆಲ್ ಕಂಡು ನನಗೆ ನಾಚಿಕೆಯಾಗುತ್ತಿತ್ತು. ಇಲ್ಲಿಗೆ ಬಂದ ಮೇಲೂ ಅವರು ಫೋನ್ ಎತ್ತಿ “ಅಮ್ಮನಿಗೆ ಕೊಡುತ್ತೇನೆ” ಎನ್ನುತ್ತಿದ್ದರು, ನಾನೂ ತಡೆದು ಮಾತನಾಡಿಸಲಿಲ್ಲ. ಅಮ್ಮ ತೀರಿಕೊಂಡು 8 ತಿಂಗಳಾಯಿತು. ಈಗ ಕೊಡಲು ಯಾರೂ ಇಲ್ಲದೆ ಫೋನನ್ನು ಸುಮ್ಮನೆ ಹಿಡಿದಿರುತ್ತಾರೆ. ಅವರಿಗೆ 76 ವರ್ಷ, ಸಕ್ಕರೆ ಕಾಯಿಲೆಯಿದೆ. “ತಾತನಿಗೆ ನಾವೆಂದರೆ ಇಷ್ಟವಿಲ್ಲವೇ?” ಎಂದು 13 ವರ್ಷದ ಮಗ ಕೇಳುತ್ತಾನೆ, ಆ ವಯಸ್ಸಿನಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಅವರಿಗೆ ವೀಸಾ, ವಿಮೆ ದೊರೆಯುತ್ತವೆಯೇ?

ಮಿಸಿಸಾಗಾ:
ಇಲ್ಲಿ ನೆಲೆಸಿದವರ ತಂದೆತಾಯಿ, ಅಜ್ಜ-ಅಜ್ಜಿಯರಿಗಾಗಿ ಇರುವ ಸೂಪರ್ ವೀಸಾಕ್ಕೆ ಅರ್ಜಿ ಹಾಕಿ. 2022ರ ಜುಲೈಯಿಂದ ಒಮ್ಮೆ ಬಂದರೆ 5 ವರ್ಷ ಇರಬಹುದು. ನಿಮ್ಮ ಆದಾಯದ ದಾಖಲೆ, ಅವರ ವೈದ್ಯಕೀಯ ತಪಾಸಣೆ, ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್‌ಗಳ ಆರೋಗ್ಯ ವಿಮೆ ಬೇಕು. ಸಕ್ಕರೆ ಕಾಯಿಲೆಯಿದ್ದರೂ ವಿಮೆ ಸಿಗುತ್ತದೆ, ಆದರೆ ಇತ್ತೀಚೆಗೆ ಔಷಧ ಬದಲಾಗಿದ್ದರೆ ಆ ಕಾಯಿಲೆಯ ಖರ್ಚನ್ನು ಹಲವು ಪಾಲಿಸಿಗಳು ಕೊಡುವುದಿಲ್ಲ.

ಕ್ಯಾಲ್ಗರಿ:
ತಂಗಿ, ದಯವಿಟ್ಟು ಕರೆತರಬೇಡಿ. 22 ವರ್ಷಗಳಿಂದ ಇಲ್ಲಿರುವವನಾಗಿ ಹೇಳುತ್ತಿದ್ದೇನೆ: ಬೆಳಿಗ್ಗೆ ಎದ್ದು ಬೀದಿಯಲ್ಲಿ ನಾಲ್ಕು ಜನರ ಮುಖ ನೋಡುವ ಹಿರಿಯರನ್ನು ಮೈನಸ್ 25 ಡಿಗ್ರಿಯ ಚಳಿಯಲ್ಲಿ ಮನೆಯೊಳಗೆ ಕೂರಿಸುವುದು ಸೆರೆವಾಸವೇ ಸರಿ. ಪ್ರೀತಿಯಿದ್ದರೆ ನೀವೇ ಊರಿಗೆ ಹಿಂದಿರುಗಿ. ಮಗನಿಗೆ ಕನ್ನಡ ಕಲಿಸಿದ್ದರೆ ಅವನು ಹೀಗೆ ಕೇಳುತ್ತಲೇ ಇರಲಿಲ್ಲ.

ಒಟ್ಟಾವಾ:
ಹಿಂದಿರುಗುವುದು ಅಷ್ಟು ಸುಲಭವಲ್ಲ. 2021ರ ಏಪ್ರಿಲ್‌ನಲ್ಲಿ ಭಾರತದ ನೇರ ವಿಮಾನಗಳನ್ನು ಕೆನಡಾ ನಿಲ್ಲಿಸಿದ್ದಾಗ ನನ್ನ ತಂದೆ ತೀರಿಕೊಂಡರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ನನ್ನ ತಮ್ಮ ಅವರ ಅಸ್ಥಿ ಬಿಡುವುದನ್ನು ಫೋನಿನಲ್ಲಿ ನೋಡಿದೆ. ಜಗಳವಾಡಿ ಹೊರಟುಬಂದ ಮಗ ನಾನು. ನನ್ನ ಹೆಸರಿನ ವಿಮೆಯ ಕಂತನ್ನು ಅವರು ಕೊನೆಯವರೆಗೂ ಕಟ್ಟಿದ್ದರೆಂದು ಆಮೇಲೆ ತಿಳಿಯಿತು.

ಕ್ಯಾಲ್ಗರಿ:
ನಾನು ಹೇಳಿದ್ದೂ ಅದನ್ನೇ, ಅಣ್ಣ. ಇಲ್ಲಿಗೆ ಬಂದದ್ದೇ ತಪ್ಪು.

ಬ್ರಾಂಪ್ಟನ್:
ಮಗನಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ನಿನ್ನೆ ಅವನೇ ತಾತನಿಗೆ ಟವೆಲ್ಲಿನ ವಿಷಯ ಕೇಳಿದ. “ಆ ಹೊತ್ತಿನ ಬಸ್ಸಿಗೆ ಬಿಸಿಲು ಬಲಗಡೆ ಹೊಡೆಯುತ್ತಿತ್ತು, ಅದಕ್ಕೆ ಎಡಗಡೆಯ ಸೀಟು ಹಿಡಿಯುತ್ತಿದ್ದೆ” ಎಂದರಂತೆ. ಅಷ್ಟು ವರ್ಷ ನನ್ನ ಮುಖಕ್ಕೆ ಬಿಸಿಲು ಬಿದ್ದಿರಲಿಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ. ಅವರ ಔಷಧ ಬದಲಾಗಿ 2 ತಿಂಗಳಾಗಿದೆ. ವಿಮೆಗೆ ಎಷ್ಟು ಕಾಲ ಕಾಯಬೇಕೆಂದು ಮಿಸಿಸಾಗಾದವರು ದಯವಿಟ್ಟು ತಿಳಿಸಿ.